ಜೆರಾಲ್ಡ್ ಮೂರ್: ಹಾಡೋರನ್ನ ಬಿಟ್ಟು ಒಮ್ಮೆ ಪಿಯಾನೊ ಅಷ್ಟ ಕೇಳ್ರಿ

ಕೋಥ್ರೂಡ್_ಪೇಟಿ (ಪುಣೆ)

ಎಲ್ಲಾರಿಗೂ ನಮಸ್ಕಾರ್ರಿ. ಇಲ್ಲೆ ನಾವು ಭೀಮಣ್ಣನ ಬಗ್ಗೆ, ಮನ್ಸೂರ ಅಜ್ಜಾರ ಬಗ್ಗೆ, ಸವಾಯಿ ಗಂಧರ್ವ ಉತ್ಸವದ ಬಗ್ಗೆ ಎಷ್ಟೋ ಮಾತಾಡೀವಿ. ಇವತ್ತ ಒಬ್ಬ ಇಂಗ್ಲಿಷ್ ಪಿಯಾನೊ ಸಾಥಿದಾರನ (ಹಾಡೋರ ಜೋಡಿ ಕೂತು ನುಡಸಾಂವನ) ಬಗ್ಗೆ ಬರೀಲಿಕ್ಕೆ ಹತ್ತೀನಿ, ಉದ್ದ ಆಗ್ತದ, ಸಮಾಧಾನದಿಂದ ಓದ್ರಿ.

ಹೆಸರು ಜೆರಾಲ್ಡ್ ಮೂರ್. 1899ರಾಗ ಇಂಗ್ಲೆಂಡಿನ ವಾಟ್‌ಫರ್ಡದಾಗ ಹುಟ್ಟಿದವರು, ಹುಡುಗ ಇದ್ದಾಗನ ಮನಿಮಂದಿ ಎಲ್ಲಾ ಕೆನಡಾಕ್ಕ ಹೋದ್ರು, ಟೊರಾಂಟೊದಾಗ ಮೂಕಿ ಸಿನಿಮಾ ಥೇಟರಿನ್ಯಾಗ ಆರ್ಗನ್ ನುಡಿಸ್ಕೋತ ಇದ್ರು, ಆಮ್ಯಾಲೆ ಲಂಡನ್ನಿಗೆ ವಾಪಸ್ ಬಂದು 1921ರಿಂದ ರೆಕಾರ್ಡ್ ಮಾಡ್ಲಿಕ್ಕೆ ಶುರು ಮಾಡಿದ್ರು. 1987ರಾಗ ತೀರ್ಕೊಂಡ್ರು. ಅಷ್ಟೂ ವರ್ಷ ಮತ್ತೊಬ್ಬರ ಬಾಜೂ ಕೂತು ನುಡಿಸಿದ್ದ ಅವರ ಕೆಲಸ. ಒಬ್ಬರ ಕೂತು ನುಡಸೋ ಕಛೇರಿ ಆಸೆ ಹಚ್ಕೊಳ್ಳಲಿಲ್ಲ.

ನನಗ ಇವರ ಹುಚ್ಚು ಹೆಂಗ ಹತ್ತಿತು ಅಂದ್ರ, ನಾನೂ ಸಾಥ್ ಮಾಡಾಂವ. ಹಗಲೆಲ್ಲಾ ಹಿಂಜವಡಿ ಆಫೀಸು, ಸಂಜಿಗೆ ಇಲ್ಲೇ ಒಬ್ಬ ಟೀಚರ್ ಬಾಯಿಯವರ ಗಾಯನ ಕ್ಲಾಸಿನ್ಯಾಗ ಪೇಟಿ, ಅಂದ್ರ ಹಾರ್ಮೋನಿಯಂ. ಪರೀಕ್ಷಾ ಟೈಮಿಗೆ ಒಂದ ದಿವಸಕ್ಕ ಹದಿನೈದು ಹುಡುಗೂರಿಗೆ ಸಾಥ್ ಮಾಡೀನಿ, ಒಬ್ಬರ ಶ್ರುತಿ ಕಾಳಿ ದೋನ್ ಪಟ್ಟಿ (ಎರಡನೇ ಕರೀ ಮನಿ), ಮುಂದಿನವರದು ಪಾಂಡ್ರಿ ಚಾರ್ (ನಾಕನೇ ಬಿಳೀ ಮನಿ). ಕೆಲವು ವರ್ಷದ ಹಿಂದ ಒಂದ ರವಿವಾರ ಜುನಾ ಬಜಾರದಾಗ ಹಳೇ ಎಲ್‌ಪಿ ಗುಡ್ಡಿಯೊಳಗ ಒಂದ ಸೆಟ್ ಸಿಕ್ತು, ಆಸ್ಟ್ರಿಯಾದ ಶೂಬರ್ಟ್ ಬರೆದ ವಿಂಟರ್‌ರೈಸ, ಅಂದ್ರ ಚಳಿಗಾಲದ ಪಯಣ, 24 ಹಾಡಿನ ಮಾಲಿ, 1827ರದು. ಹಾಡಿದವರು ಡೀಟ್ರಿಶ್ ಫಿಶರ್-ಡೀಸ್ಕೌ, ಪಿಯಾನೊ ಮೂರ್. ಭಾಷಾ ತಿಳೀಲಿಲ್ಲ, ಪಾಶ್ಚಾತ್ಯ ಸಂಗೀತ ಗೊತ್ತಿರ್ಲಿಲ್ಲ. ಕಡೀ ಹಾಡಿಗೆ ಬಂದಾಗ ಎದ್ದು ಕೂತೆ.

ಆ ಹಾಡು ಲೈಯರ್‌ಮಾನ್. ಎಡಗೈಯಾಗ ಎರಡ ಸ್ವರ, ಸಾ ಮತ್ತ ಪಾ, ಕೂಡಿಸಿ ಹಚ್ತಾರ. ಹಾಡು ಶುರು ಆದಾಗಿಂದ ಮುಗಿಯೋತನಕಾ ಅವ ಎರಡು, ಬದಲಾಗೂದ ಇಲ್ಲ. ನಮ್ಮ ತಂಬೂರಿ ನೋಡ್ರಿ ಅದು! ಮದಲಿಗೆ ಎರಡ ಸಲ ಅದಕ್ಕ ಬಾಜೂದ ಒಂದ ಸಣ್ಣ ಸ್ವರ ತಟ್ಟಿ ಬರ್ತದ, ಸುರ್ ಇನ್ನೂ ಕೂಡಲಾರದ ವಾದ್ಯ ಹಚ್ಚಿಧಂಗ, ಆಮ್ಯಾಲೆ ಕೂಡ್ತದ. ಬಲಗೈಯಾಗ ಒಂದ ಸಣ್ಣ ತುಣುಕು, ಹಾಡೋರು ಸುಮ್ಮನಾದಾಗ ಅದು ಬರ್ತದ, ಹಾಡೋರು ಬಂದಾಗ ಅದು ನಿಲ್ತದ. ಮುಂದ ಹಾಡೋರು ಎಲ್ಲೆ ಉಸಿರು ತಗೊಂಡ್ರು ಅಲ್ಲೆ ಪೇಟಿ ತುಂಬೂದು ನಾ ದಿವಸಾ ಮಾಡೋ ಕೆಲಸ, ಅದಕ್ಕ ಥಟ್ಟನೆ ತಿಳೀತು. ಈ ಮನಶ್ಯಾ ಎಂಥಾ ಸಾಥ್ ಮಾಡ್ಯಾನ ಅಂತ ಅವತ್ತ ರಾತ್ರಿ ಮೂರು ಸಲ ಅದನ್ನ ಹಾಕಿ ಕೇಳಿದೆ.

ಆಮ್ಯಾಲೆ ಹುಡುಕಿದಾಗ ತಿಳೀತು, ಇವರಿಬ್ಬರೂ ಕೂಡಿ ವಿಂಟರ್‌ರೈಸ ಸ್ಟುಡಿಯೊದಾಗ ಮೂರು ಸಲ ರೆಕಾರ್ಡ್ ಮಾಡ್ಯಾರ: 1955, 1962, 1971. ಮದಲನೇದಕ್ಕ ಹಾಡೋರಿಗೆ ಇನ್ನೂ ಮೂವತ್ತು ತುಂಬಿದ್ದಿಲ್ಲ, ಕಡೀದಕ್ಕ ನಲವತ್ತಾರು. ಮೂರ್‌ಗೆ ಆಗ ಎಪ್ಪತ್ತು ದಾಟಿತ್ತು. ಮೂರೂ ಕೇಳ್ರಿ, ಆದ್ರ ಒಂದ ಮಾತು: ದನಿ ಮ್ಯಾಲೆ ಲಕ್ಷ್ಯ ಬ್ಯಾಡ. ಸಾಥಿದಾರ ತೀರ್ಕೊಂಡ ಮ್ಯಾಲೆ ಉಳಿಯೂದು ರೆಕಾರ್ಡ್ ಅಷ್ಟ, ಅದ್ರಾಗೂ ಎಲ್ಲಾರ ಕಿವಿ ಹಾಡೋರ ಕಡೆನ ಹೋಗ್ತದ. ಅಲ್ಲಿಂದ ಅವರನ್ನ ಹೊರಗ ತಗೀಬೇಕು ಅಂದ್ರ ಕೇಳೋರು ಹಟ ಮಾಡಿ ಕೆಳಗಿನ ದನಿ ಕೇಳಬೇಕು. ನಿಮ್ಮೊಳಗ ಯಾರರೆ ಇವರನ್ನ ಕೇಳಿದ್ರ ಬರೀರಿ.

ಡೊಂಬಿವಲಿ_ಶ್ರೋತೃ (ಮುಂಬಯಿ)

ಚೆನ್ನಾಗಿ ಬರೆದಿದ್ದೀರಿ. ಆದರೆ ಒಂದು ಮಾತು ಕೇಳ್ತೀನಿ, ತಪ್ಪು ತಿಳ್ಕೋಬೇಡಿ, ನಾನು ನಲವತ್ತು ವರ್ಷದಿಂದ ಕಛೇರಿ ಕೇಳಿದವನು. ಭೀಮಸೇನ ಜೋಶಿಯವರ ಹಿಂದೆ ಅಪ್ಪಾ ಜಳಗಾಂವಕರ ಕೂತಿದ್ದನ್ನೂ ಕೇಳಿದ್ದೀನಿ, ಪುರುಷೋತ್ತಮ ವಾಲಾವಲಕರ ಕೂತಿದ್ದನ್ನೂ ಕೇಳಿದ್ದೀನಿ. ಅಲ್ಲಿ ಭೀಮಸೇನರು ಮುಂದೆ ಯಾವ ತಾನ್ ತಗೋತಾರೆ ಅನ್ನೋದು ಭೀಮಸೇನರಿಗೇ ಗೊತ್ತಿರೋದಿಲ್ಲ, ಪೇಟಿಯವರು ಅರೆಕ್ಷಣ ಹಿಂದೆ ಹಿಂದೆ ನೆರಳಿನ ಹಾಗೆ ಬರಬೇಕು, ಮುಂದೆ ಹೋದರೆ ಅಪಚಾರ, ತೀರ ಹಿಂದೆ ಬಿದ್ದರೆ ಗಲೀಜು. ಅದು ಸಾಥ್. ಆದರೆ ಇಲ್ಲಿ ಎಲ್ಲಾ ಸ್ವರಾನೂ ಶೂಬರ್ಟ್ ಬರೆದಿಟ್ಟು ಹೋಗಿದ್ದಾನೆ, ಪುಸ್ತಕ ಮುಂದೆ ಇದೆ, ರಿಹರ್ಸಲ್ ಆಗಿದೆ. ಹಾಗಿದ್ದ ಮೇಲೆ ಮೂರ್ ಅವರದ್ದು ಅಂತ ಅದರಲ್ಲಿ ಏನಿದೆ? ನಿಜವಾಗ್ಲೂ ತಿಳ್ಕೊಳ್ಳೋಕೆ ಕೇಳ್ತಿದ್ದೀನಿ.

ಕೋಥ್ರೂಡ್_ಪೇಟಿ

ನಿಮ್ಮ ಪ್ರಶ್ನಿ ಬರೋಬ್ಬರಿ ಅದರಿ ಅಪ್ಪಾರ, ನನಗೂ ಮದಲ ಹಿಂಗ ಅನಿಸಿತ್ತು. ನಮ್ಮ ಬೆಳಗಾವಿ ರಾಮಭಾವು ಬಿಜಾಪುರೆ ಅವರ ಪೇಟಿ ಕೇಳಿ ಬೆಳೆದವನಿಗೆ ಬರೆದಿದ್ದನ್ನ ನುಡಸೋದು ಸಾಥ್ ಹೆಂಗ ಆದೀತು ಅಂತ. ಆದ್ರ ಒಂದ ಉದಾಹರಣಿ ಕೊಡ್ತೀನಿ. ವಿಂಟರ್‌ರೈಸದ ಮದಲನೇ ಹಾಡು ಗೂಟೆ ನಾಖ್ಟ್, ಅಂದ್ರ ಶುಭರಾತ್ರಿ. ಒಬ್ಬಾಂವ ಚಳಿಗಾಲದ ರಾತ್ರಿ ಪ್ರೀತಿ ಮಾಡಿದ ಹುಡುಗಿ ಮನಿ ಬಿಟ್ಟು ಹೊಂಟಾನ. ಹಾಡು ಶುರು ಆಗೋಕಿಂತ ಮದ್ಲ ಪಿಯಾನೊ ಒಂದ ಬರ್ತದ, ಒಂದ ಸಮನ ಬೀಳೋ ಹೆಜ್ಜಿ ಹಂಗ. ಆ ಹೆಜ್ಜಿ ಎಷ್ಟು ಜಡ, ಎಷ್ಟು ಬಿರುಸು ಅನ್ನೂದನ್ನ ಅಲ್ಲೆ ತೀರ್ಮಾನ ಮಾಡಬೇಕು, ಹಾಡೋರು ಇನ್ನೂ ಬಾಯಿ ತಗದಿರೂದಿಲ್ಲ. ನಮ್ಮಲ್ಲೆ ಪೇಟಿಯವರು ಯಾವತ್ತೂ ಹಿಂದ. ಅಲ್ಲೆ ಮದಲ ಹೊಸ್ತಿಲಾ ದಾಟಾಂವ ಸಾಥಿದಾರ. ಆಮ್ಯಾಲೆ ಕಡೀ ಚರಣದಾಗ ಅದ ಚಾಲು ಮೈನರ್‌ನಿಂದ ಮೇಜರ್‌ಗೆ ಹೊರಳ್ತದ, ಕೋಮಲ ಗಂಧಾರ ಹೋಗಿ ಶುದ್ಧ ಗಂಧಾರ ಬಂಧಂಗ, ಹುಡುಗಿ ನಿದ್ದಿ ಕೆಡಸಬಾರದು ಅಂತ ಅವ ಹೇಳೋ ಜಾಗಾ ಅದು. ಮೂರ್ ಅಲ್ಲೆ ಬೆರಳ ಭಾರ ಹೆಂಗ ಇಳಸ್ತಾರ ಕೇಳ್ರಿ. ಪುಸ್ತಕದಾಗ ಅದಕ್ಕ ಒಂದ ಚಿಹ್ನಾ ಇರಬಹುದು, ಭಾರ ಬೆರಳಿನ್ಯಾಗ ಇರ್ತದ.

ಮಾಟುಂಗಾ_ಆಲ್ಟೊ (ಮುಂಬಯಿ)

ನಮಸ್ತೆ ಎಲ್ರಿಗೂ. ನಾನು ಇಲ್ಲಿ ಓದ್ತೇನೆ ಅಷ್ಟೇ, ಬರೆಯುವುದು ಕಮ್ಮಿ, ಆದ್ರೆ ಈ ಥ್ರೆಡ್ ನೋಡಿ ಸುಮ್ಮನಿರ್ಲಿಕ್ಕೆ ಆಗ್ಲಿಲ್ಲ. ನಮ್ಮದು ಮಂಗಳೂರು ಕಡೆ, ನಾನು ಬೆಳೆದದ್ದು ಮಾಹಿಮ್‌ನಲ್ಲಿ, ಚಿಕ್ಕಂದಿನಲ್ಲಿ ಬಿಲ್ಡಿಂಗಿನಲ್ಲೇ ಇದ್ದ ಗೋವಾದ ಒಬ್ಬರು ಮಿಸ್ ಹತ್ರ ಪಿಯಾನೊ ಮತ್ತೆ ಹಾಡು ಎರಡೂ ಕಲ್ತದ್ದು. ಡೊಂಬಿವಲಿಯವರು ಕೇಳಿದ್ದಕ್ಕೆ ನನ್ನದೂ ಒಂದು ಉತ್ತರ.

ಶೂಬರ್ಟ್ 17 ವರ್ಷದವನಿದ್ದಾಗ, 1814ರಲ್ಲಿ, ಜರ್ಮನ್ ಕವಿ ಗಯಟೆಯ ಒಂದು ಪದ್ಯಕ್ಕೆ ಹಾಡು ಮಾಡಿದ, ಗ್ರೆಟ್‌ಶೆನ್ ಅನ್ನುವ ಹುಡುಗಿ ಚರಕದ ಮುಂದೆ ಕೂತಿರುವುದು. ಪಿಯಾನೊದ ಬಲಗೈ ಚಕ್ರ ಸುತ್ತಿದ ಹಾಗೆ ಗಿರಿಗಿರಿ ಹೋಗ್ತಾ ಇರ್ತದೆ, ಎಡಗೈಯಲ್ಲಿ ಕಾಲಿಂದ ಮೆಟ್ಟುವ ಹಲಗೆಯ ತಾಳ. ಅವಳು ಹೋದವನನ್ನು ನೆನೆಸ್ತಾ ನೆನೆಸ್ತಾ ಅವನ ನಡಿಗೆ, ಅವನ ನಗು, ಅವನ ಕೈ, ಕೊನೆಗೆ ಅವನ ಮುತ್ತು ಅಂತ ಬರುವಾಗ ಚರಕ ನಿಲ್ತದೆ. ಪೂರ್ತಿ ಮೌನ. ಆಮೇಲೆ ಪಿಯಾನೊ ಒಂದು ಸುತ್ತು ತಿರುಗಿಸಿ ನಿಲ್ತದೆ, ಪುನಃ ಒಂದು ಸುತ್ತು, ಪುನಃ ನಿಲ್ತದೆ, ಆಮೇಲೆ ಮೆಲ್ಲ ಹಿಡ್ಕೊಳ್ತದೆ. ಸ್ವರ ಎಲ್ಲ ಪ್ರಿಂಟಲ್ಲಿ ಉಂಟು ಮಾರಾಯ್ರೆ, ನಿಲ್ಲುವ ಗುರುತೂ ಉಂಟು, ಆದ್ರೆ ಎಷ್ಟು ಹೊತ್ತು ನಿಲ್ಬೇಕು, ಆ ಹುಡುಗಿಯ ಕೈ ಚರಕಕ್ಕೆ ವಾಪಸ್ ಹೋಗ್ಲಿಕ್ಕೆ ಎಷ್ಟು ಕಷ್ಟ ಪಡ್ತದೆ ಅದು ಪ್ರಿಂಟಲ್ಲಿ ಇಲ್ಲ. ಜಾನೆಟ್ ಬೇಕರ್ ಜೊತೆ ಮೂರ್ ನುಡಿಸಿದ್ದು ಸಿಗ್ತದೆ, ಅದರಲ್ಲಿ ಆ ಜಾಗ ಕೇಳಿ. ಆ ಹೊತ್ತಿನಲ್ಲಿ ಹಾಡುವವರು ಬಾಯಿ ಮುಚ್ಚಿ ನಿಂತಿರ್ತಾರೆ, ಇಡೀ ಹಾಡು ಪಿಯಾನೊದವರ ಕೈಯಲ್ಲಿ.

ಇನ್ನೊಂದು ವಿಷಯ, ಪಟ್ಟಿ (ಶ್ರುತಿ) ಬದಲಿಸುವುದು. ಪೇಟಿಯವರಿಗೆ ಇದು ಚೆನ್ನಾಗಿ ಗೊತ್ತು. ಶೂಬರ್ಟ್‌ನ ಹಾಡನ್ನು ತೆಳು ದನಿಯವರೂ ಹಾಡ್ತಾರೆ, ಹಾನ್ಸ್ ಹಾಟರ್ ಹಾಗೆ ಪಾತಾಳದ ದನಿಯವರೂ ಹಾಡ್ತಾರೆ. ಹಾಟರ್ 1954ರಲ್ಲಿ ಇದೇ ಮೂರ್ ಜೊತೆ ವಿಂಟರ್‌ರೈಸ ರೆಕಾರ್ಡ್ ಮಾಡಿದ್ದಾರೆ. ಹಾಡನ್ನು ಕೆಳಗೆ ಇಳಿಸಿದ್ರೆ ಪಿಯಾನೊದ ಎಡಗೈ ದಪ್ಪ ತಂತಿಗಳ ಕಡೆ ಹೋಗ್ತದೆ, ಅಲ್ಲಿ ಎರಡು ಸ್ವರ ಹತ್ರ ಹತ್ರ ಬಾರಿಸಿದ್ರೆ ಕೆಸರಾಗ್ತದೆ. ಆಗ ಪೆಡಲ್ ಕಮ್ಮಿ ಮಾಡ್ಬೇಕು, ಎಡಗೈ ಹಗುರ ಮಾಡ್ಬೇಕು, ಒಂದೇ ಹಾಡನ್ನು ಬೇರೆ ಕೈಯಿಂದ ನುಡಿಸಿದ ಹಾಗೆ. ಹಾಟರ್ ಜೊತೆಗಿನದ್ದು, ಫಿಶರ್-ಡೀಸ್ಕೌ ಜೊತೆಗಿನದ್ದು ಒಂದರ ಹಿಂದೆ ಒಂದು ಕೇಳಿ, ಮೂರ್ ಅವರದ್ದು ಅಂತ ಏನುಂಟು ಅಂತ ಗೊತ್ತಾಗ್ತದೆ.

ಡೊಂಬಿವಲಿ_ಶ್ರೋತೃ

ಚರಕದ ಹಾಡು ಈಗಷ್ಟೇ ಕೇಳಿ ಬಂದೆ. ಆ ನಿಲ್ಲೋ ಜಾಗ ಎರಡು ಸಲ ಹಾಕ್ಕೊಂಡು ಕೇಳಿದೆ. ನನ್ನ ಪ್ರಶ್ನೆ ವಾಪಸ್ ತಗೋತೀನಿ.

ಕಿಶೋರಿತಾಯಿ (ಕಿಶೋರಿ ಅಮೋಣಕರ) ಹಾಡುವಾಗ ಒಂದು ಸ್ವರದ ಮೇಲೆ ನಿಂತು ಸುಮ್ಮನಾದಾಗ ಪೇಟಿ ಕೈಯೆತ್ತಿ ಬಿಡೋದು ಇದೆಯಲ್ಲ, ಅದೂ ಇಂಥದ್ದೇ. ನುಡಿಸದೇ ಇರೋದನ್ನ ಯಾರೂ ಬರೆದುಕೊಡೋಕೆ ಆಗೋದಿಲ್ಲ.

ಜರ್ಮನ್_ಪಾಠ (ಪುಣೆ)

ನಾನು ಇಲ್ಲಿ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ಕಲೀತಿದೀನಿ, ಊರು ಮೈಸೂರು. ಪೇಟಿ ಸರ್ ಹೇಳಿದ ಲೈಯರ್‌ಮಾನ್ ಹಾಡಿನ ಅರ್ಥ ಹೇಳ್ಲಾ? ಲೈಯರ್ ಅಂದ್ರೆ ಇಲ್ಲಿ ಒಂದು ಬೀದಿ ವಾದ್ಯ, ಹಿಡಿ ತಿರುಗಿಸಿದ್ರೆ ಒಳಗಿನ ಚಕ್ರ ತಂತಿಗಳಿಗೆ ಉಜ್ಜತ್ತೆ, ಕೆಲವು ತಂತಿ ಬರೀ ಶ್ರುತಿ ಹಿಡಿಯೋಕೆ. ಅದಕ್ಕೇ ಪಿಯಾನೊ ಎಡಗೈಯಲ್ಲಿ ತಂಬೂರಿ ಥರ ಬರತ್ತೆ, ಶೂಬರ್ಟ್ ಆ ವಾದ್ಯಾನೇ ಪಿಯಾನೊ ಮೇಲೆ ಮಾಡಿದಾನೆ. ಊರಾಚೆ ಒಬ್ಬ ಮುದುಕ ಬರಿಗಾಲಲ್ಲಿ ಐಸ್ ಮೇಲೆ ನಿಂತು ಅದನ್ನ ತಿರುಗಿಸ್ತಿದಾನೆ, ಬೆರಳೆಲ್ಲ ಸೆಟೆದು ಹೋಗಿದೆ, ತಟ್ಟೆ ಖಾಲಿ, ಯಾರೂ ನಿಂತು ಕೇಳೋದಿಲ್ಲ, ನಾಯಿಗಳು ಗುರ್ ಅಂತಿವೆ, ಅವನು ಮಾತ್ರ ನಿಲ್ಲಿಸೋದಿಲ್ಲ. ಕೊನೇಲಿ ಹಾಡೋನು ಅವನನ್ನ ಕೇಳ್ತಾನೆ, ನಿನ್ನ ಜೊತೆ ಬರ್ಲಾ, ನನ್ನ ಹಾಡಿಗೆ ನಿನ್ನ ವಾದ್ಯ ನುಡಿಸ್ತೀಯಾ ಅಂತ.

ಇದನ್ನ ಕ್ಲಾಸಲ್ಲಿ ಓದಿದಾಗ ಅಷ್ಟೇನೂ ಅನ್ನಿಸಿರಲಿಲ್ಲ, ಇವತ್ತು ಈ ಥ್ರೆಡ್ ಓದಿ ಆಮೇಲೆ ಕೇಳಿದ್ರೆ ಗಂಟಲು ಕಟ್ಟಿತು. 24 ಹಾಡು ಒಬ್ಬನೇ ನಡೆದವನು ಕೊನೇಲಿ ಹುಡುಕೋದು ಒಬ್ಬ ಸಾಥಿದಾರನನ್ನ. ಶೂಬರ್ಟ್ ಸಾಯೋ ಮುಂಚೆ ಹಾಸಿಗೆ ಮೇಲೆ ಮಲಗಿ ಇದೇ ಹಾಡುಗಳ ಎರಡನೇ ಭಾಗದ ಪ್ರೂಫ್ ತಿದ್ದುತಿದ್ನಂತೆ, 31 ವರ್ಷ ಅಷ್ಟೇ.

ಕೋಥ್ರೂಡ್_ಪೇಟಿ

ತಂಗಿ, ಇದನ್ನ ಹೇಳಿದ್ದು ಬಾಳ ಚೊಲೊ ಆತು. ಅರ್ಥ ತಿಳೀದ ಇಷ್ಟು ವರ್ಷ ಕೇಳೀನಿ ನಾ. ಅದನ್ನ ಸಾಥಿದಾರನ್ನ ಕೇಳೋ ಪ್ರಶ್ನಿ ಅಂತ ಗೊತ್ತ ಇರ್ಲಿಲ್ಲ.

ಮಡಗಾಂವ್_ಸೌಂಡ್ (ಗೋವಾ)

ನಾನು ಕಾರವಾರದವನು, ಮಡಗಾಂವ್‌ನಲ್ಲಿ ಸೌಂಡ್ ಕೆಲಸ ಮಾಡ್ತೇನೆ, ಚರ್ಚ್ ಕ್ವಾಯರ್, ತಿಯಾತ್ರ್ (ಕೊಂಕಣಿ ನಾಟಕ), ಭಜನೆ ಎಲ್ಲಾ ರೆಕಾರ್ಡ್ ಮಾಡಿದ್ದೇನೆ. ಸಂಗೀತದ ಬಗ್ಗೆ ನೀವೆಲ್ಲಾ ಹೇಳಿದ್ರಿ, ನಾನು ರೆಕಾರ್ಡಿಂಗ್ ಕಡೆಯಿಂದ ಒಂದೆರಡು ಮಾತು ಸೇರಿಸ್ತೇನೆ, ಯಾಕಂದ್ರೆ ಸಾಥಿದಾರರು ಕಳೆದುಹೋಗೋದು ಬಹಳ ಸಲ ಮಷಿನ್ನಿಂದ.

ಮೂರ್ ಶುರು ಮಾಡಿದ 1921ರಲ್ಲಿ ಮೈಕೇ ಇಲ್ಲ. ದೊಡ್ಡ ಕಹಳೆ ಮುಂದೆ ಹಾಡಬೇಕು, ಆ ಸದ್ದಿನ ಬಲದಿಂದಲೇ ಸೂಜಿ ಅಲುಗಿ ಮೇಣದ ಮೇಲೆ ಗೀರು ಬೀಳ್ಬೇಕು. ಕಹಳೆ ಹತ್ರ ಇದ್ದವರ ದನಿ ಬೀಳ್ತಿತ್ತು, ಪಿಯಾನೊ ಹಿಂದೆ, ಅದಕ್ಕೆ ಜೋರಾಗಿ ಕುಟ್ಟಬೇಕಿತ್ತು, ಆದ್ರೂ ತಗಡು ತಟ್ಟಿದ ಹಾಗೆ ಕೇಳೋದು, ಕೆಳಗಿನ ಸ್ವರ ಬೀಳ್ತಾನೇ ಇರ್ಲಿಲ್ಲ ಅನ್ನಬಹುದು. 1925ರಿಂದ ಮೈಕಿನ ರೆಕಾರ್ಡಿಂಗ್ ಬಂತು, ಆಮೇಲೆ ಎಲ್‌ಪಿ, ಆಮೇಲೆ ಸ್ಟೀರಿಯೊ. ಮೂರ್ ಈ ಎಲ್ಲಾ ಕಾಲದಲ್ಲೂ ನುಡಿಸಿದ್ದಾರೆ. ಹಾಗಾಗಿ ಅವರ ಹಳೇ 78ರ ಪ್ಲೇಟ್ ಕೇಳಿ, ಓ ಇಷ್ಟೇನಾ ಅನ್ಬೇಡಿ, ಅದರಲ್ಲಿ ಅವರ ಎಡಗೈ ಅರ್ಧ ಮೇಣದಾಚೆಯೇ ಉಳಿದಿದೆ.

ಮತ್ತೆ ಒಂದು ವಿನಂತಿ, ಫೋನ್ ಸ್ಪೀಕರಲ್ಲಿ ಕೇಳ್ಬೇಡಿ. ಆ ಚಿಕ್ಕ ಸ್ಪೀಕರಿಗೆ ಕೆಳಗಿನ ಸ್ವರ ಹೊರಡಿಸ್ಲಿಕ್ಕೆ ಶಕ್ತಿಯೇ ಇಲ್ಲ. ಲೈಯರ್‌ಮಾನ್ ಫೋನಲ್ಲಿ ಹಾಕಿದ್ರೆ ತಂಬೂರಿ ಬಿಟ್ಟು ಕಛೇರಿ ಕೇಳಿದ ಹಾಗೆ. ಸಾಧಾರಣ ಇಯರ್‌ಫೋನ್ ಆದ್ರೂ ಪರವಾಗಿಲ್ಲ, ಕಿವಿಗೆ ಸರಿಯಾಗಿ ಕೂರಬೇಕು.

ನಮ್ಮ ಗೋವಾದ ಬೋರಿಯವರು ತುಳಸೀದಾಸ ಬೋರಕರ, ಪಿ. ಮಧುಕರ ಅವರ ಶಿಷ್ಯರು, 2016ರಲ್ಲಿ ಪದ್ಮಶ್ರೀ ಬಂತು, 2018ರಲ್ಲಿ ಹೋದ್ರು. ಅವರು ಸಾಥ್ ಮಾಡಿದ ಎಷ್ಟೋ ರೆಕಾರ್ಡಿಂಗ್ ನಮ್ಮಲ್ಲಿ ಓಡಾಡ್ತಾವೆ, ಫೈಲಿನ ಹೆಸರಲ್ಲಿ ಹಾಡಿದವರದ್ದು ಮಾತ್ರ ಇರತ್ತೆ. ನಾನು ಈಗ ಯಾರಿಗೇ ಫೈಲ್ ಮಾಡಿ ಕೊಟ್ರೂ ಪೇಟಿ, ತಬಲಾ, ತಂಬೂರಿಯವರ ಹೆಸರು ಕೇಳಿಕೊಂಡೇ ಹಾಕ್ತೇನೆ.

ಕೋಥ್ರೂಡ್_ಪೇಟಿ

ಹೆಸರಿನ ಮಾತು ತಗದ್ರಿ ನೀವು, ನನಗ ಕರಳು ಚುರ್ ಅಂತು. ನನ್ನ ಸಾಥ್ ಇದ್ದ ಒಂದ ಸಿಡಿ ಬಂದಿತ್ತು ಹಿಂದ, ಕಂಪನಿಯವರು ಕವರಿನ ಮ್ಯಾಲೆ ನಿರೂಪಣೆ ಮಾಡಿದವರ ಹೆಸರು ಹಾಕಿದ್ರು, ಫೋಟೊ ತಗದವರ ಹೆಸರು ಹಾಕಿದ್ರು, ಪೇಟಿದು ಇಲ್ಲ. ನಮ್ಮ ಅವ್ವ ಆ ಕವರ್ ಹಿಂದ ಮುಂದ ತಿರುವಿ ತಿರುವಿ ನೋಡಿ ಸುಮ್ಮನ ಇಟ್ಟಳು. ಅದನ್ನ ಇವತ್ತಿಗೂ ಮರತಿಲ್ಲ.

ನಮ್ಮ ದೇಶದಾಗ ಪೇಟಿಗೆ ಹಂಗೂ ಮರ್ಯಾದಿ ಕಡಿಮಿ ಇತ್ತಲ್ರಿ, 1940ರಿಂದ 1971ರತನಕಾ ಆಕಾಶವಾಣಿಯೊಳಗ ಪೇಟಿ ಬಂದ್ ಮಾಡಿದ್ರು, ಮೀಂಡ (ಒಂದ ಸ್ವರದಿಂದ ಇನ್ನೊಂದಕ್ಕ ಜಾರೂದು) ಬರೂದಿಲ್ಲ, ಶ್ರುತಿ ಸೂಕ್ಷ್ಮ ಹಿಡಿಯೂದಿಲ್ಲ ಅಂತ. ಮೂರ್ ಕಾಲದಾಗ ಅಲ್ಲೂ ಪಿಯಾನೊ ಸಾಥಿದಾರ ಅಂದ್ರ ಹಾಡೋರ ಸಾಮಾನು ಹೊರಾಂವ ಅನ್ನೋ ಹಂಗ ನೋಡ್ತಿದ್ರು. ಅದಕ್ಕ ಅವರು 1943ರಾಗ ಒಂದ ಪುಸ್ತಕ ಬರೆದ್ರು, ದಿ ಅನ್‌ಅಶೇಮ್ಡ್ ಅಕಂಪನಿಸ್ಟ್, ನಮ್ಮ ಮಾತಿನ್ಯಾಗ ಹೇಳೂದಾದ್ರ ನಾಚಿಕಿ ಇಲ್ಲದ ಸಾಥಿದಾರ. ನಾ ಸಾಥಿದಾರ ಇದ್ದೀನಿ, ಅದಕ್ಕ ತಲಿ ಕೆಳಗ ಹಾಕೂದಿಲ್ಲ ಅಂತ. ಎರಡನೇ ಮಹಾಯುದ್ಧದಾಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯೊಳಗ ಮಧ್ಯಾಹ್ನದ ಕಛೇರಿ ನಡೀತಿದ್ದು, ಪಿಯಾನೊ ವಾದಕಿ ಮೈರಾ ಹೆಸ್ ನಡಸ್ತಿದ್ರು, ಅಲ್ಲೆ ಮೂರ್ ಸಾಥ್ ಅಂದ್ರ ಏನು ಅಂತ ನುಡಿಸಿ ತೋರಿಸಿ ಮಾತಾಡ್ತಿದ್ರು. ಮುಂದ 1962ರಾಗ ಆತ್ಮಕಥಿ ಬಂತು, ಅದರ ಹೆಸರು ಆ್ಯಮ್ ಐ ಟೂ ಲೌಡ್. ನನ್ನ ಸಪ್ಪಳ ಜಾಸ್ತಿ ಆತೇನ್ರಿ? ನಾನೂ ಪ್ರತಿ ಕಛೇರಿಗೆ ಮದ್ಲ ಹಾಡೋರನ್ನ ಇದ ಕೇಳ್ತೀನಿ, ಇದ ಶಬ್ದದಾಗ.

ಇವರಿಗೆ ಸಾಥ್ ಕಲಿಸಿದವರು ಒಬ್ಬ ಹಾಡೋರ, ಜಾನ್ ಕೋಟ್ಸ್ ಅಂತ ಟೆನರ್ (ಏರು ದನಿಯ ಗಂಡಸು), ಅವರ ಜೋಡಿ ಐದು ವರ್ಷ ಊರೂರು ತಿರುಗ್ಯಾರ. ಹಾಡಿನ ಮಾತು ತಿಳಕೊಂಡು ನುಡಿಸು ಅಂತ ಬಡದು ಕಲಿಸಿದವರು ಅವರು. ನನಗ ಜರ್ಮನ್ ತಂಗಿ ಇವತ್ತ ಕಲಿಸಿಧಂಗ.

ಜರ್ಮನ್_ಪಾಠ

ಅಯ್ಯೋ ಸರ್, ನಾನೇನೂ ಕಲಿಸಿಲ್ಲ. ನನ್ ಹತ್ರ ಈಗ ಒಂದು 21 ಸಿಡಿ ಶೂಬರ್ಟ್ ಸೆಟ್ ಸ್ಟ್ರೀಮಿಂಗಲ್ಲಿ ಇದೆ, ಫಿಶರ್-ಡೀಸ್ಕೌ, ಮೂರ್ ಇಬ್ರೂ ಸೇರಿ 400ಕ್ಕೂ ಜಾಸ್ತಿ ಹಾಡು ಮಾಡಿದಾರೆ, ಎಲ್ಲಿಂದ ಶುರು ಮಾಡ್ಲಿ?

ಮಾಟುಂಗಾ_ಆಲ್ಟೊ

ಅದರಿಂದ ಶುರು ಮಾಡ್ಬೇಡಿ, ಮುಳುಗಿ ಹೋಗ್ತೀರಿ. ವಿಂಟರ್‌ರೈಸ ಕೇಳಿ ಆಯ್ತಲ್ಲ, ಇನ್ನು ಮೂರ್ ಅವರು ಸ್ಟೇಜಿಗೆ ವಿದಾಯ ಹೇಳಿದ ಕಛೇರಿ ಕೇಳಿ (ಸ್ಟುಡಿಯೊ ರೆಕಾರ್ಡಿಂಗ್ ಆಮೇಲೂ ಮಾಡಿದ್ರು). 1967 ಫೆಬ್ರವರಿ 20, ಲಂಡನ್‌ನ ರಾಯಲ್ ಫೆಸ್ಟಿವಲ್ ಹಾಲ್. ಹಾಡಿದವರು ಮೂರು ಜನ, ಶ್ವಾರ್ಟ್ಸ್‌ಕೋಫ್, ವಿಕ್ಟೋರಿಯಾ ದೆ ಲೊಸ್ ಆಂಜೆಲೆಸ್, ಫಿಶರ್-ಡೀಸ್ಕೌ. ಅಂಥಾ ದೊಡ್ಡವರು ಮೂವರು ಒಬ್ಬ ಸಾಥಿದಾರನನ್ನು ಬೀಳ್ಕೊಡ್ಲಿಕ್ಕೆ ಒಟ್ಟಿಗೆ ಬಂದದ್ದು. ಅದರಲ್ಲಿ ಇಬ್ಬರು ಹೆಂಗಸರು ಬೆಕ್ಕುಗಳ ಹಾಗೆ ಮಿಯಾಂವ್ ಮಿಯಾಂವ್ ಅಂತಲೇ ಹಾಡುವ ಒಂದು ಜೋಡಿಹಾಡು ಉಂಟು, ಜನ ನಗ್ತಾ ಇರುವುದು ಕೇಳ್ತದೆ, ಮೂರ್ ಪಿಯಾನೊ ಮಾತ್ರ ಅಷ್ಟೇ ಗಂಭೀರ.

ಕೊನೆಗೆ ಎಲ್ಲ ಮುಗಿದ ಮೇಲೆ ಮೂರ್ ಒಬ್ಬರೇ ಬಂದು ಕೂತು ಶೂಬರ್ಟ್‌ನ ಆನ್ ಡೀ ಮುಸೀಕ್ ನುಡಿಸ್ತಾರೆ. ಅದು 1817ರ ಚಿಕ್ಕ ಹಾಡು, ಸಂಗೀತಕ್ಕೇ ಥ್ಯಾಂಕ್ಸ್ ಹೇಳುವುದು, ಕಷ್ಟದ ಹೊತ್ತಲ್ಲಿ ನನ್ನನ್ನು ಬೇರೆ ಲೋಕಕ್ಕೆ ಕರ್ಕೊಂಡು ಹೋದೆ ಅಂತ. ಹಾಡುವವರು ಇಲ್ಲ. ಬರೀ ಪಿಯಾನೊ.

ಇದನ್ನು ಕೇಳಿದಾಗೆಲ್ಲ ನನಗೆ ನಮ್ಮ ಮಿಸ್ ನೆನಪು, ಅದಕ್ಕೆ ಕಾರಣ ಉಂಟು. ನಮ್ಮ ಮನೆಯಲ್ಲಿ ಪಿಯಾನೊ ಇರ್ಲಿಲ್ಲ. ಮನೆಯಲ್ಲಿ ಪ್ರಾಕ್ಟೀಸ್ ಮಾಡ್ಲಿಕ್ಕೆ ಅಂತ ಮಿಸ್ ನನಗೊಂದು ಕ್ಯಾಸೆಟ್ ಮಾಡಿಕೊಟ್ಟಿದ್ರು, ಹಾಡಿನ ಪಿಯಾನೊ ಮಾತ್ರ ನುಡಿಸಿ. ಆಗ ನನಗೆ 14 ವರ್ಷ. ಅದರಲ್ಲಿ ಆನ್ ಡೀ ಮುಸೀಕ್ ಉಂಟು. ಮಿಸ್ ತೀರಿಹೋಗಿ ತುಂಬಾ ವರ್ಷ ಆಯ್ತು, ಅವರು ಯಾವ ಸ್ಟೇಜಿನ ಮೇಲೂ ಒಬ್ಬರೇ ನುಡಿಸಿದವರಲ್ಲ, ಅವರ ರೆಕಾರ್ಡಿಂಗ್ ಅಂತ ಪ್ರಪಂಚದಲ್ಲಿ ಇರುವುದು ಬಹುಶಃ ಅದೊಂದೇ, ನನ್ನ ದನಿಗೆ ಜಾಗ ಬಿಟ್ಟು ನುಡಿಸಿದ್ದು. ಹಿಂದೆ ಫ್ಯಾನಿನ ಸದ್ದು, ಕೆಳಗೆ ರಸ್ತೆಯ ಬಸ್ಸು, ಪುಟ ತಿರುಗಿಸುವುದು. ಮೊನ್ನೆ ಪುನಃ ಹಾಕಿದ್ರೆ ಹಾಡಿಗೆ ಬೇಕಾದ್ದಕ್ಕಿಂತ ಕೆಳಗೆ ಕೇಳ್ತದೆ, ಡಿ ಮೇಜರ್‌ನ ಹಾಡು, ಎಲ್ಲಿಯೋ ಬಿ ಹತ್ರ ಉಂಟು. ಟೇಪ್ ಹಾಳಾಯ್ತಾ ಅಂತ ಹೆದರಿಕೆ ಆಯ್ತು.

ಮಡಗಾಂವ್_ಸೌಂಡ್

ಅಕ್ಕಾ, ಮೊದಲು ಆ ಕ್ಯಾಸೆಟ್ಟನ್ನ ಹಳೇ ಪ್ಲೇಯರಿಗೆ ಇನ್ನೊಮ್ಮೆ ಹಾಕ್ಬೇಡಿ. ಮುಂಬಯಿ ಹವೆಗೆ ಟೇಪ್ ಮೇಲೆ ಬೂಷ್ಟು ಬಂದಿರತ್ತೆ, ಬೆಲ್ಟ್ ಸಡಿಲ ಇದ್ರೆ ಟೇಪ್ ಒಳಗೇ ಸಿಕ್ಕಿಕೊಳ್ಳತ್ತೆ. ನನ್ನ ಹತ್ರ ಒಳ್ಳೇ ಡೆಕ್ ಇದೆ, ಸ್ಪೀಡ್ ಸರಿ ಮಾಡಿಟ್ಟಿದ್ದೇನೆ. ಊರಿಗೆ ಹೋಗುವಾಗ ಕೊಂಕಣ ರೈಲು ಮಡಗಾಂವ್ ಮೇಲೇ ಹೋಗತ್ತಲ್ಲ, ಸ್ಟೇಷನ್ನಿಗೆ ನಾನೇ ಬಂದು ತಗೋತೇನೆ. ಕೊರಿಯರ್ ಮಾತ್ರ ಬೇಡ.

ಕೋಥ್ರೂಡ್_ಪೇಟಿ

ಕೊಡ್ರಿ ಅಕ್ಕಾರ, ಖಂಡಿತ ಕೊಡ್ರಿ. ಪಟ್ಟಿ ನೋಡೂದಿದ್ರ ನಾ ಇಲ್ಲೆ ಪೇಟಿ ತಗದು ಕೂಡ್ತೀನಿ.

ಮಾಟುಂಗಾ_ಆಲ್ಟೊ

ಚೌತಿಗೆ ಊರಿಗೆ ಹೋಗುವಾಗ ಮತ್ಸ್ಯಗಂಧಾದಲ್ಲಿ ತಂದು ಮಡಗಾಂವ್‌ನಲ್ಲಿ ಇವರ ಕೈಗೇ ಕೊಟ್ಟೆ. ಬಟ್ಟೆಯಲ್ಲಿ ಸುತ್ತಿ ಸ್ಟೀಲ್ ಡಬ್ಬಿಯಲ್ಲಿ ಹಾಕಿದ್ದೆ. ರೈಲು ನಿಂತದ್ದು ಸ್ವಲ್ಪ ಹೊತ್ತು, ಮಾತಾಡ್ಲಿಕ್ಕೆ ಆಗ್ಲಿಲ್ಲ.

ಮಡಗಾಂವ್_ಸೌಂಡ್

ಕೆಲಸ ಮುಗೀತು, ಎಲ್ರೂ ಕೇಳಿ. ಟೇಪ್ ಚೆನ್ನಾಗಿದೆ. ಬೂಷ್ಟು ಅಂಚಿಗೆ ಮಾತ್ರ ಇತ್ತು. ನನ್ನ ಡೆಕ್‌ನಲ್ಲೂ ಹಾಡು ಬಿ ಮೇಜರಲ್ಲೇ ಬಂತು, ಅಂದ್ರೆ ನಿಮ್ಮ ಪ್ಲೇಯರ್ ತಪ್ಪಲ್ಲ. ಆಗ ಒಂದು ಉಪಾಯ ಮಾಡಿದೆ. ಮನೆಯಲ್ಲಿ ಕರೆಂಟಿಗೆ ಹಚ್ಚಿ ರೆಕಾರ್ಡ್ ಮಾಡಿದ ಟೇಪಲ್ಲಿ ಯಾವಾಗ್ಲೂ ಹಿಂದೆ ಒಂದು ಸಣ್ಣ ಗುಂಯ್ ಇರತ್ತೆ, ನಮ್ಮ ಕರೆಂಟ್ 50 ಹರ್ಟ್ಸ್, ಅದರ ಗುಂಯ್ 50ರಲ್ಲೂ 100ರಲ್ಲೂ ಬೀಳತ್ತೆ. ಪಿಯಾನೊ ನಿಂತ ಜಾಗದಲ್ಲಿ ಅದನ್ನ ಕಂಪ್ಯೂಟರಲ್ಲಿ ಅಳೆದೆ. 100 ಇರಬೇಕಾದ್ದು 94ರ ಚೂರು ಮೇಲೆ ಇದೆ. ಅಂದ್ರೆ ನಿಮ್ಮ ಮಿಸ್ ರೆಕಾರ್ಡರ್ ಆವಾಗ ಸ್ವಲ್ಪ ಜೋರಾಗಿ ಓಡ್ತಿತ್ತು, ಅದನ್ನ ಸರಿ ಸ್ಪೀಡಲ್ಲಿ ಹಾಕಿದ್ರೆ ಎಲ್ಲಾ ಅರ್ಧ ಸ್ವರ ಇಳಿದು ಕೇಳತ್ತೆ. ಆ ಕಾಲದಲ್ಲಿ ನಮ್ಮ ಕರೆಂಟು ಸರಿಯಾಗಿ 50ಕ್ಕೇ ನಿಲ್ತಿರ್ಲಿಲ್ಲ, ಮೇಲೆ ಕೆಳಗೆ ಆಗ್ತಿತ್ತು, ಆದ್ರೆ ಅರ್ಧ ಸ್ವರದಷ್ಟು ಆಗೋದಿಲ್ಲ. ಸ್ಪೀಡ್ ಸರಿ ಮಾಡಿದೆ. ಹಾಡು ಸಿ ಮೇಜರಿಗೆ ಬಂದು ನಿಂತಿತು. ಡಿ ಅಲ್ಲ, ಸಿ.

ಕೋಥ್ರೂಡ್_ಪೇಟಿ

ಹೌದು, ನನಗ ಕಳಿಸಿದ ತುಣುಕು ಪೇಟಿ ಜೋಡಿ ಹಚ್ಚಿ ನೋಡಿದೆ, ಪಾಂಡ್ರಿ ಏಕ್ ಅದು, ಅಂದ್ರ ಸಿ, ಬರೋಬ್ಬರಿ ಕೂಡ್ತದ. ಆದ್ರ ಅವರ ಪಿಯಾನೊನ ಇಳದಿತ್ತೇನು ಆವಾಗ? ಹಳೇ ಪಿಯಾನೊ ಮಳಿಗಾಲಕ್ಕ ಇಳೀತಾವಲ್ಲ.

ಮಾಟುಂಗಾ_ಆಲ್ಟೊ

ಇಲ್ಲ, ಮಿಸ್ ಪಿಯಾನೊ ವಿಷಯದಲ್ಲಿ ತುಂಬಾ ಕಟ್ಟುನಿಟ್ಟು. ಮಳೆಗಾಲದಲ್ಲಿ ಒಳಗೊಂದು ಸಣ್ಣ ಬಲ್ಬ್ ಉರಿಸಿ ಇಡ್ತಿದ್ರು, ಮಳೆ ಮುಗಿದ ಕೂಡ್ಲೇ ಟ್ಯೂನರ್ ಬರ್ತಿದ್ರು, ಅವರು ಫೋರ್ಕ್ ಮೊಣಕಾಲಿಗೆ ಹೊಡೆದು ನನ್ನ ಕಿವಿಗೆ ಹಿಡಿದದ್ದು ನೆನಪುಂಟು.

ನಿನ್ನೆ ಕಪಾಟಿನಿಂದ ಆ ಹಾಡಿನ ಪ್ರಿಂಟ್ ತೆಗೆದೆ, ಮಿಸ್ ಕೊಟ್ಟದ್ದೇ. ಎರಡು ಶಾರ್ಪ್, ಡಿ ಮೇಜರ್. ಅದರಲ್ಲಿ ಪೆನ್ಸಿಲಲ್ಲಿ ನಾನು ಉಸಿರು ತಗೊಳ್ಳುವ ಜಾಗಕ್ಕೆ ಮಾತ್ರ ಗುರುತು ಹಾಕಿದ್ದಾರೆ, ಬೇರೇನೂ ಇಲ್ಲ. ಅಂದ್ರೆ ಡಿ ಮೇಜರಲ್ಲಿ ಬರೆದದ್ದನ್ನು ನೋಡ್ತಾ ಒಂದು ಪೂರ್ತಿ ಸ್ವರ ಕೆಳಗೆ ಇಳಿಸಿ ಸಿ ಮೇಜರಲ್ಲಿ ನುಡಿಸಿದ್ರು. ಕ್ಲಾಸಲ್ಲೂ ಹಾಗೇ ನುಡಿಸ್ತಿದ್ದದ್ದು ಇರ್ಬೇಕು. ನನ್ನ ದನಿ ಆಗ್ಲೇ ದಪ್ಪ, ಮೇಲಿನ ಸ್ವರಕ್ಕೆ ಬಿರಿಯುತ್ತಿತ್ತು, ಕ್ವಾಯರಲ್ಲಿ ಬೇರೆ ಹುಡುಗಿಯರು ಏರಿಸಿದಷ್ಟು ನನಗೆ ಬರ್ತಿರ್ಲಿಲ್ಲ, ಅದಕ್ಕೆ ನನಗೆ ನಾಚಿಕೆ ಇತ್ತು. ಈ ಹಾಡು ಮಾತ್ರ ಬರ್ತದೆ ಅಂತ ಎಷ್ಟು ಖುಷಿ ಇತ್ತು ನನಗೆ. ನಾನು ಡಿಯಲ್ಲೇ ಹಾಡ್ತಿದ್ದೇನೆ ಅಂತ ಇಷ್ಟು ವರ್ಷ ನಂಬಿದ್ದೆ. ಮಿಸ್ ಒಂದು ದಿನವೂ ಹೇಳ್ಲಿಲ್ಲ.

ಡೊಂಬಿವಲಿ_ಶ್ರೋತೃ

ಇದನ್ನ ಓದಿ ಮನೆಯವಳಿಗೂ ಓದಿ ಹೇಳಿದೆ. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಕೋಥ್ರೂಡ್_ಪೇಟಿ

ಅಕ್ಕಾರ, ಪೂರ್ತಿ ಫೈಲ್ ನನಗೂ ಕಳಸ್ರಿ. ಕ್ಲಾಸಿನ ಹುಡುಗೂರಿಗೆ ಕೇಳಸ್ತೀನಿ, ಹಾಡೋ ಹುಡುಗೂರಿಗಲ್ಲ, ಇಬ್ಬರು ಪೇಟಿ ಕಲೀಲಿಕ್ಕೆ ಬರ್ತಾರ, ಅವರಿಗೆ. ಎಲ್ಲೆ ಲಕ್ಷ್ಯ ಕೊಡಬೇಕು ಹೇಳ್ರಿ.

ಮಾಟುಂಗಾ_ಆಲ್ಟೊ

ಕಳಿಸಿದ್ದೇನೆ. ಮಿಸ್ ಹೆಸರು ಫೈಲಿಗೆ ಹಾಕಿಸಿದ್ದೇನೆ. ಮೊದಲ ಎರಡು ಬಾರ್ (ತಾಳದ ಸುತ್ತು) ಪಿಯಾನೊ ಮಾತ್ರ, ಬಲಗೈ ಒಂದೇ ಸಮನೆ ಮೆಲ್ಲ ಬಡೀತಾ ಇರ್ತದೆ, ರಾಗ ಎಡಗೈಯಲ್ಲಿ ಉಂಟು. ಎರಡನೇ ಬಾರ್ ಮುಗಿಯುವಾಗ ಮಿಸ್ ಉಸಿರು ಎಳ್ಕೊಳ್ಳುವುದು ಕೇಳ್ತದೆ, ನನಗೆ ಗೊತ್ತಾಗ್ಲಿಕ್ಕೆ ಅಂತ ಸ್ವಲ್ಪ ಜೋರಾಗಿ. ಅಲ್ಲಿಂದ ಹಾಡು ಶುರು.